ಬಿಳಿ ಸೂಪಿಗೆ ಹಿಂಡಿದ ಬಿಂಬುಳಿ

ನಾನು ಬಾಯಿ ಬಿಡಲಿಲ್ಲ. ಹುಳಿ ಹಾಕಿದ್ದು ನಾನು ಎಂದು ಒಂದು ಮಾತು ಹೇಳಿದ್ದರೆ ನನ್ನ ಅಕ್ಕ ಗಿರಿಜ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಹೇಳಲಿಲ್ಲ.

ಆಗ ಬಂಟ್ವಾಳದ ನಮ್ಮ ಮನೆಗೆ ಕರೆಂಟು ಬಂದಿರಲಿಲ್ಲ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟುತ್ತಿದ್ದೆ. ಅಕ್ಕ ಮೂಡಬಿದ್ರೆಯ ಒಂದು ಹಾಸ್ಟೆಲಿನಲ್ಲಿ ಅಡುಗೆಗಿದ್ದವಳು, ಕೆಲಸ ಸಾಕು, ಇನ್ನು ಮನೆಯಲ್ಲೇ ಇರುತ್ತೇನೆ ಎಂದು ಬಂದಿದ್ದಳು. "ಇರಲಿ, ಅವಳ ಮನೆಯೂ ಹೌದಲ್ಲ" ಎಂದಿದ್ದ ಅಣ್ಣ. ಬೆಳ್ತಂಗಡಿಯಿಂದ ಹೊಸದಾಗಿ ಮದುವೆಯಾಗಿ ಬಂದಿದ್ದ ಅತ್ತಿಗೆಗೆ ಆ ಮಾತೇ ಸಂಶಯ ಹುಟ್ಟಿಸಿತು. ಗಂಡ ಇಷ್ಟು ಬೇಗ ಒಪ್ಪಿದ್ದು ಹೇಗೆ? ನಮ್ಮ ಕಡೆ ಕೈವಿಷದ ಹೆದರಿಕೆ ಉಂಟಲ್ಲ—ಮನಸ್ಸನ್ನು ಕಟ್ಟಿಹಾಕಲು ಊಟದಲ್ಲಿ ಬೆರೆಸುವ ಮದ್ದು. ಅತ್ತಿಗೆ ಅಕ್ಕನ ಕೈಯನ್ನೇ ನೋಡುತ್ತಿದ್ದಳು. ಯಾರಿಗೆ ಮೊದಲು ಬಡಿಸುತ್ತಾಳೆ, ಯಾವ ಡಬ್ಬ ಮುಟ್ಟುತ್ತಾಳೆ...

ಒಂದು ಭಾನುವಾರ ಅಕ್ಕ ಹಾಸ್ಟೆಲಿನಲ್ಲಿ ಕಲಿತ ಬಿಳಿ ಸೂಪು ಮಾಡಿದಳು. ಬೇಯಿಸಿದ ಬಟಾಟೆ, ಕ್ಯಾರೆಟ್, ಬೀನ್ಸ್; ಬೆಣ್ಣೆಯಲ್ಲಿ ಹುರಿದ ಮೈದಾ; ಮೇಲಿಂದ ಹಾಲು, ಕರಿಮೆಣಸು. "ಸುಲಭ ಉಂಟು, ನಿನಗೂ ಕಲಿಸ್ತೇನೆ" ಎಂದು ಬಾವಿಕಟ್ಟೆಗೆ ಹೋದಳು. ನಾನು ಸೌಟಿನಿಂದ ರುಚಿ ನೋಡಿದೆ. ಸಪ್ಪೆ. ಹುಳಿಯಿಲ್ಲದ ಸಾರು ಎಲ್ಲಿಯಾದರೂ ಉಂಟೇ? ಪಾಪ, ಮರೆತಿದ್ದಾಳೆ ಎಂದುಕೊಂಡು ಹಿತ್ತಿಲಿನ ಮರದಿಂದ ಹುಳಿಹುಳಿ ಬಿಂಬುಳಿ ಕಾಯಿ ತಂದು ಹಿಂಡಿಬಿಟ್ಟೆ.

ಬಡಿಸುವಾಗ ಹಾಲು ಒಡೆದು ಬಿಳಿ ಚೂರುಗಳು ತೇಲುತ್ತಿದ್ದವು. ಅಣ್ಣ ನಕ್ಕ. "ಮಾರಾಯ್ತಿ, ಇದು ಉಣ್ಣಲಿಕ್ಕಾ, ಗೋಡೆಗೆ ಬಳಿಯಲಿಕ್ಕಾ?"

ಅತ್ತಿಗೆ ನಗಲಿಲ್ಲ. "ಮದ್ದು ಬಿದ್ದರೆ ಹಾಲು ಹೀಗೇ ಒಡೆಯುವುದಂತೆ" ಎಂದಳು, ಮೆಲ್ಲಗೆ.

ಅಮ್ಮ ಅಣ್ಣನ ಬಟ್ಟಲನ್ನು ದೂರ ಸರಿಸಿದಳು.

ಅಕ್ಕ ಅದನ್ನೇ ಎತ್ತಿಕೊಂಡು ಎಲ್ಲರೆದುರು ಕುಡಿದಳು, ಒಂದು ಹನಿ ಬಿಡದೆ. ಮುಖ ಹುಳ್ಳಗಾಯಿತು. "ಇದಕ್ಕೆ ಹುಳಿ ಯಾರು ಹಾಕಿದ್ದು?"

ನನ್ನ ಬೆರಳುಗಳಲ್ಲಿ ಇನ್ನೂ ಬಿಂಬುಳಿಯ ವಾಸನೆ ಇತ್ತು. ಕೈಯನ್ನು ಲಂಗದ ನೆರಿಗೆಯೊಳಗೆ ಹುದುಗಿಸಿದೆ. ಹಾಲು ಹಾಳು ಮಾಡಿದ್ದಕ್ಕೆ ಬೈಗುಳ ಬೀಳುತ್ತದೆ ಎಂಬ ಹೆದರಿಕೆ—ಮೊದಲಿಗೆ ಅಷ್ಟೇ. ಅಕ್ಕನ ಕಣ್ಣು ನನ್ನನ್ನು ದಾಟಿ ಅತ್ತಿಗೆಯ ಮೇಲೆ ನಿಂತಿತು. ಅಲ್ಲಿಂದ ಕದಲಲಿಲ್ಲ.

ಅದೇ ವಾರ ಅವಳು ಮೂಡಬಿದ್ರೆಗೆ ವಾಪಸು ಹೋದಳು. ಮತ್ತೆ ಬಂದಾಗೆಲ್ಲ ಜಗಲಿಯಲ್ಲೇ ಕೂತಳು. ಅತ್ತಿಗೆಯ ಕೈಯಿಂದ ನೀರು ಸಹ ಕುಡಿಯಲಿಲ್ಲ. ಅತ್ತಿಗೆ ತನ್ನ ಮಕ್ಕಳಿಗೆ, "ಮೂಡಬಿದ್ರೆ ಅತ್ತೆ ಕೊಟ್ಟದ್ದನ್ನು ನನಗೆ ತೋರಿಸದೆ ತಿನ್ನಬೇಡಿ" ಎನ್ನುತ್ತಿದ್ದಳು. ಒಬ್ಬಳಿಗೆ ಮದ್ದಿನ ಗುಮಾನಿ, ಇನ್ನೊಬ್ಬಳಿಗೆ ತನ್ನ ಅಡುಗೆ ಕೆಡಿಸಿದ ಗುಮಾನಿ. ನಡುವೆ ನಾನು, ಎಲ್ಲ ಗೊತ್ತಿದ್ದವಳು, ಇಬ್ಬರ ದೂರನ್ನೂ ಕೇಳುತ್ತ "ಹೌದಾ?" ಎನ್ನುತ್ತ... ಇನ್ನೂ ನಾಚಿಕೆಯ ಮಾತು ಹೇಳುತ್ತೇನೆ. ಕೆಲವೊಮ್ಮೆ ನನಗೂ ಅನಿಸುತ್ತಿತ್ತು—ಬಿಂಬುಳಿಗೇ ಒಡೆದದ್ದೋ, ಅಕ್ಕ ನಿಜವಾಗಿ ಏನಾದರೂ ಹಾಕಿದ್ದಳೋ? ಹಾಗೆ ಅಂದುಕೊಂಡರೆ ನಿದ್ದೆ ಬರುತ್ತಿತ್ತು.

ಅಮ್ಮ ತೀರಿಹೋದಳು. ಅವಳೂ ಅದೇ ಸಂಶಯದಲ್ಲಿ ಹೋದಳು. ಅದನ್ನು ಇನ್ನು ತಿದ್ದಲಾಗದು.

ಅಮ್ಮನ ವರ್ಷಾಂತಿಕಕ್ಕೆ ಅಕ್ಕ ಬಂದಳು. ಮರುದಿನ ನಾನು ಬಿಳಿ ಸೂಪು ಮಾಡಿ ಪಾತ್ರೆಯನ್ನು ಜಗಲಿಗೇ ತಂದಿಟ್ಟೆ. ಅತ್ತಿಗೆಯನ್ನೂ ಕರೆದೆ. ಇಬ್ಬರೂ ಪಾತ್ರೆಯನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು. ನಾನು ಒಂದು ಲೋಟಕ್ಕೆ ಬಿಸಿ ಸೂಪು ಬಗ್ಗಿಸಿ, ಸೆರಗಿನಲ್ಲಿದ್ದ ಬಿಂಬುಳಿ ತೆಗೆದು ಅವರೆದುರೇ ಹಿಂಡಿದೆ. ಹಾಲು ಒಡೆಯಿತು. ಅದೇ ಬಿಳಿ ಚೂರುಗಳು.

ಅಕ್ಕ ಲೋಟ ಬಿಟ್ಟು ನನ್ನ ಬೆರಳುಗಳನ್ನು ನೋಡತೊಡಗಿದಳು. ಈ ಸಲ ಕೈ ಅಡಗಿಸಲಿಲ್ಲ.

"ಅಕ್ಕ, ಆವತ್ತು ಹುಳಿ ಹಿಂಡಿದ್ದು ನಾನು. ಅತ್ತಿಗೆ ಅಲ್ಲ. ನೀನು ಕೇಳಿದಾಗ ಸುಮ್ಮನೆ ಕೂತದ್ದೂ ನಾನೇ. ತಪ್ಪಾಯ್ತು ಅಕ್ಕ. ಅತ್ತಿಗೆ, ನಿಮಗೂ... ತಪ್ಪಾಯ್ತು."