ಮಾಲಿ ಚಾಚಾನ ತಾಮ್ರದ ತಂತಿ

ಕಳೆದ ತಿಂಗಳು ನನ್ನ ತಮ್ಮನ ಸೊಸೆ ಪೇಟೆಯಿಂದ ತಾಮ್ರದ ತಂತಿ ತಂದಳು. ಕುಂಡದಲ್ಲಿ ಬೋನ್ಸಾಯ್ ಮರ ಬೆಳೆಸುವ ಹುಚ್ಚು ಅವಳಿಗೆ. ತಂತಿ ಮೆತ್ತಗಾಗಲೆಂದು ಅಂಗಳದಲ್ಲಿ ಕುಳ್ಳು ಹೊತ್ತಿಸಿ ಕೆಂಡದಲ್ಲಿಟ್ಟಳು. ತಂತಿಯ ಮೇಲಿನ ಸುಟ್ಟ ಅರಗು, ಕಾದ ತಾಮ್ರ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಬತ್ತು ದಾಟಿದ ನನ್ನೊಳಗೆ ಹಳೆಯ ಸಿಟ್ಟು ಹೊರಳಿ ಎದ್ದಿತು.

ನಾನಾಗ ನಾರಾಯಣಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಊರಿನ ದೊರೆಯ, ಅಂದರೆ ಜಮೀನುದಾರರ, ವಾಡೆಯ ಹಿಂಭಾಗದ ಕೋಣೆಯಲ್ಲಿ ನನ್ನ ವಸತಿ. ಕಿಟಕಿ ತೆರೆದರೆ ತೋಟ, ತೋಟದ ಕಟ್ಟೆಯ ಮೇಲೆ ಕುಂಡದ ಮರಗಳು. ಮೊಳದೆತ್ತರದ ಹುಣಸೆ, ಆಲ, ಅರಳಿ. ಅವನ್ನು ಬೆಳೆಸಿದವರು ತೋಟದ ಮಾಲಿ. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಪ್ರಾಯದಲ್ಲಿ ಹೈದರಾಬಾದಿನ ಯಾವುದೋ ನವಾಬರ ತೋಟದಲ್ಲಿ ಈ ವಿದ್ಯೆ ಕಲಿತಿದ್ದರಂತೆ.

ಕಬ್ಬಿಣದ ತಂತಿಯನ್ನು ಅವರು ಹತ್ತಿರ ಸೇರಿಸುತ್ತಿರಲಿಲ್ಲ. ಅದು ಬಿರುಸು, ಕೊಂಬೆ ಮುರಿಯುತ್ತದೆ. ತುಕ್ಕು ಹಿಡಿದು ತೊಗಟೆ ಕೆಡಿಸುತ್ತದೆ. ತಾಮ್ರವೇ ಆಗಬೇಕು, ಅದೂ ಕೆಂಪಗೆ ಕಾಯಿಸಿ ಆರಿಸಿದ್ದು. ತಂತಿ ಕೊಂಬೆಯ ದಪ್ಪದ ಮೂರರಲ್ಲಿ ಒಂದು ಪಾಲು ಇರಬೇಕು ಎಂಬುದು ಅವರ ಲೆಕ್ಕ. ನನ್ನ ಕೈಗೇ ತಂತಿ ಕೊಟ್ಟು ಕಲಿಸಿದರು. ಪಾಠ ಹೇಳುವವಳೆಂದು ನನ್ನನ್ನು ತೆಲುಗಿನವರಂತೆ ಪಂತುಲಮ್ಮ ಎನ್ನುತ್ತಿದ್ದರು.

“ಕೊಂಬಿ ಮ್ಯಾಲ ಹಿಂಗ ಇಟ್ಟು ಬಗ್ಗಸ್ರಿ ಪಂತುಲಮ್ಮ. ತಾರು ಸೋತ್ರ ಅದು ಸಣ್ಣದಾತು. ಕೊಂಬಿ ಚೀರಿದ್ರ ತಾರು ದಪ್ಪಾತು. ಎರಡೂ ಕೂಡಿ ಬಗ್ಗಬೇಕು ನೋಡ್ರಿ.”

ಆ ತಂತಿ ತರಿಸಿಕೊಡುತ್ತಿದ್ದವರು ದೊರೆ. ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಕೆಟ್ಟ ಮೋಟಾರಿನಿಂದ ಬಿಚ್ಚಿದ ತಂತಿ. ದೊರೆಯ ಬಂಡಿಯಿಂದ ಆ ಸುರುಳಿಗಳನ್ನು ಇಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಈ ಮಾತು ಯಾರೂ ಮರೆಯಬಾರದು.

ನಿಜಾಮರ ಪರ ನಿಂತ ರಜಾಕಾರರ ಉಪಟಳದಲ್ಲಿ ನಮ್ಮ ಸೀಮೆ ನಲುಗಿತ್ತು, ಅದು ಸುಳ್ಳಲ್ಲ. ದೊರೆ ಅವರನ್ನು ಕರೆದು ಊಟ ಹಾಕಿಸಿದ್ದೂ ಸುಳ್ಳಲ್ಲ. ಆಮೇಲೆ ಪೊಲೀಸ್ ಕಾರ್ಯಾಚರಣೆಯಾಯಿತು, ಮಿಲ್ಟ್ರಿ ಬಂತು, ನಿಜಾಮರ ಬಾವುಟ ಇಳಿಯಿತು. ಅದೇ ವಾರ ಮಕ್ತಲ್ ರಸ್ತೆಯಲ್ಲಿ ಯಾರೋ ಕಂಬದ ಟೆಲಿಗ್ರಾಫ್ ತಂತಿ ಕಡಿದಿದ್ದರು. ಕಡಿದವರು ಸಿಗಲಿಲ್ಲ. ಚಾಚಾ ಸಿಕ್ಕರು. ಅವರ ಗುಡಿಸಲಲ್ಲಿ ತಂತಿಯ ಸುರುಳಿಗಳಿದ್ದವು, ಮುಖದ ಮೇಲೆ ಗಡ್ಡವಿತ್ತು, ಐದು ಹೊತ್ತು ನಮಾಜು ಮಾಡುತ್ತಿದ್ದರು. ಅಷ್ಟು ಸಾಕಾಯಿತು.

ಹಿಂಗೈ ಕಟ್ಟಿ ಎಳೆದೊಯ್ಯುವಾಗ ಅವರು ನನ್ನ ಕಿಟಕಿಯ ಕಡೆ ತಿರುಗಿದರು.

“ಪಂತುಲಮ್ಮಾ, ಹುಣಸಿಗಿ ಸುತ್ತಿದ ತಾರು ತೆಗೀರಿ. ಮಳಿ ಆಗೇತಿ, ಕೊಂಬಿ ಉಬ್ಬತೈತಿ. ಬಿಚ್ಚಬ್ಯಾಡ್ರಿ, ತುಂಡು ತುಂಡು ಕತ್ತರಸ್ರಿ.”

ಜೀವಕ್ಕೇ ಕುತ್ತು ಬಂದ ಹೊತ್ತಿನಲ್ಲೂ ಅವರಿಗೆ ಗಿಡದ ಚಿಂತೆ!

ಮರುದಿನ ಬೆಳಿಗ್ಗೆ ಕತ್ತರಿ ಹಿಡಿದು ಕಟ್ಟೆಯ ಹತ್ತಿರ ಹೋದೆ. ಹುಣಸೆಯ ಎರಡು ಕೊಂಬೆ ಬಿಡಿಸುವಷ್ಟರಲ್ಲಿ ದೊರೆ ಬಂದರು. “ತಂತಿ ತರಿಸಿಕೊಟ್ಟವರು ನೀವೇ. ಠಾಣೆಗೆ ಹೋಗಿ ಒಂದು ಮಾತು ಹೇಳಿ,” ಎಂದು ಕೈಮುಗಿದೆ. ಅವರ ಮುಖ ಬಿಳಿಚಿಕೊಂಡಿತು.

“ಸುಮ್ನಿರಮ್ಮ. ಈ ತಂತಿ ನಮ್ಮ ಕೊರಳಿಗೂ ಸುತ್ತಿಕೊಳ್ತೈತಿ.”

ಅಂದು ಮಧ್ಯಾಹ್ನ ನಾನು ಶಾಲೆಯಲ್ಲಿದ್ದಾಗ ಆಳುಗಳನ್ನು ಬಿಟ್ಟು ಎಲ್ಲ ಮರಗಳ ತಂತಿ ಕೀಳಿಸಿದರು. ಸಂಜೆ ಬಂದು ನೋಡಿದರೆ ಆಲದ ಕೊಂಬೆ ಸೀಳಿ ನೇತಾಡುತ್ತಿತ್ತು, ಅರಳಿಯ ತೊಗಟೆ ಸುಲಿದಿತ್ತು. ಕಿತ್ತ ತಂತಿಯನ್ನೆಲ್ಲ ಹಾಳು ಬಾವಿಗೆ ಹಾಕಿಸಿದ್ದರು. ಇಪ್ಪತ್ತು ವರ್ಷದ ಕೆಲಸ, ಒಂದು ಮಧ್ಯಾಹ್ನದ ಹೇಡಿತನ.

ಬೆಳಿಗ್ಗೆ ನಾನು ಕತ್ತರಿಸಿದ್ದ ತುಂಡುಗಳು ಮಾತ್ರ ಸೆರಗಿನ ಗಂಟಿನಲ್ಲಿ ಉಳಿದಿದ್ದವು. ಅವನ್ನು ಹಿಡಿದು ಠಾಣೆಗೆ ಹೋದೆ. ಠಾಣೆಯ ಹೊಸ ಅಧಿಕಾರಿ, ಅಮೀನನ ಮೇಜಿನ ಮೇಲೆ ಕಂಬದಿಂದ ಕಡಿದ ತಂತಿ ಬಿದ್ದಿತ್ತು. ಕಬ್ಬಿಣದ್ದು, ಸೌದೆ ಕಟ್ಟಿಗೆಯಷ್ಟು ಬಿರುಸು. ಅದರ ಪಕ್ಕದಲ್ಲಿ ನನ್ನ ತಾಮ್ರದ ತುಂಡು ಇಟ್ಟು, ಎರಡು ಬೆರಳಲ್ಲಿ ಬಗ್ಗಿಸಿ ತೋರಿಸಿದೆ. ಕುರುಡನಿಗೂ ಕೈಯಾಡಿಸಿದರೆ ತಿಳಿಯುವ ವ್ಯತ್ಯಾಸ. ಅಮೀನ ಕಣ್ಣೆತ್ತಲಿಲ್ಲ.

“ಇದೂ ತಂತಿ, ಅದೂ ತಂತಿ. ದೊರೆಯವರೇ ತಮಗೇನೂ ಗೊತ್ತಿಲ್ಲ ಅಂದಾರ. ನಿಮಗೇನು ಬ್ಯಾನಿ ಬಂದೈತಿ?”

ಆ ವಾರವೇ ದೊರೆ ನನ್ನ ಕೋಣೆ ಖಾಲಿ ಮಾಡಿಸಿದರು. ನೇಕಾರರ ಓಣಿಯಲ್ಲಿ ಒಬ್ಬ ಮುದುಕಿ ಜಾಗ ಕೊಟ್ಟಳು. ಚಾಚಾನನ್ನು ಗದ್ವಾಲಕ್ಕೆ ಒಯ್ದು ಒಂದು ಹಳೆಯ ಕೋಠಿಯಲ್ಲಿ ಕೂಡಿಹಾಕಿದರೆಂದು ತಿಳಿಯಿತು. ವಿಚಾರಣೆಯೂ ಇಲ್ಲ, ಬಿಡುಗಡೆಯೂ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಬಿಟ್ಟರು. ಅವರು ನೇರ ಶಾಲೆಗೆ ಬಂದರು. ಎಡಗೈಯ ಎರಡು ಬೆರಳು ಮಡಿಚುತ್ತಿರಲಿಲ್ಲ. ಇಬ್ಬರೂ ವಾಡೆಗೆ ಹೋದೆವು. ದೊರೆ ಬಿಳಿ ಗಾಂಧಿ ಟೋಪಿ ಹಾಕಿಕೊಂಡು ಹತ್ತು ಜನರ ನಡುವೆ ತೋಟದ ಕಡೆಯ ಪಡಸಾಲೆಯಲ್ಲಿ ಕೂತಿದ್ದರು.

“ಹೋದದ್ದು ಹೋತು. ನಾಳಿಯಿಂದ ಕೆಲಸಕ್ಕ ಬಾ,” ಎಂದರು, ಔದಾರ್ಯ ತೋರಿಸುವವರ ಹಾಗೆ.

ಚಾಚಾ ಮೆಟ್ಟಿಲ ಕೆಳಗೇ ನಿಂತಿದ್ದರು. ಕಟ್ಟೆಯ ಮೇಲಿನ ಒಣಗಿದ ಆಲವನ್ನು ಬಹಳ ಹೊತ್ತು ನೋಡಿದರು.

“ಬರ್ತೀನ್ರಿ ದೊರಿ. ಮದ್ಲು ಈ ಮಂದಿ ಮುಂದ ಒಂದ್ ಮಾತು ಹೇಳ್ರಿ. ನನಗ ತಾರು ಯಾರು ತಂದು ಕೊಟ್ಟಿದ್ರು?”

ದೊರೆ ಅಡಿಕೆ ಕತ್ತರಿಸತೊಡಗಿದರು. ಚಾಚಾ ಸಲಾಮು ಮಾಡದೆ ತಿರುಗಿ ನಡೆದುಬಿಟ್ಟರು. ಆ ವಾಡೆಯಲ್ಲಿ ಸಲಾಮು ಮಾಡದೆ ಹೋದ ಆಳನ್ನು ನಾನು ನೋಡಿದ್ದು ಅದೊಂದೇ ಸಲ.

ಚಾಚಾ ಮಕ್ತಲ್ಲಿನಲ್ಲಿ ತಂಗಿಯ ಮನೆ ಸೇರಿ ಸಂತೆಯಲ್ಲಿ ಸೊಪ್ಪು ಮಾರಿದರು. ಎರಡು ಸಲ ಹೋಗಿ ಕಂಡೆ. ಕುಂಡ ಮುಟ್ಟುವುದಿಲ್ಲ ಎಂದರು. ಮೂರನೆಯ ಸಲ ಹೋದಾಗ ಅವರಿರಲಿಲ್ಲ...

ದೊರೆಯ ಪಟವನ್ನು ನಮ್ಮ ಶಾಲೆಯ ಗೋಡೆಗೆ ತೂಗುಹಾಕಿದರು, ಕೆಳಗೆ ಸ್ವಾತಂತ್ರ್ಯ ಹೋರಾಟಗಾರರು ಎಂದು ಬರೆಸಿ. ನಿವೃತ್ತಳಾಗುವ ತನಕ ಅದರ ಕೆಳಗೇ ಕೂತು ಮಕ್ಕಳಿಗೆ ‘ಸತ್ಯವನ್ನೇ ನುಡಿ’ ಎಂದು ಕಾಪಿ ಬರೆಸಿದೆ. ಆ ಪಟವನ್ನು ಒಂದು ದಿನವಾದರೂ ಇಳಿಸಿ ನೆಲಕ್ಕೆ ಹಾಕಲಿಲ್ಲವಲ್ಲ ಎಂದು ಈಗ ನನ್ನ ಮೇಲೂ ಸಿಟ್ಟು ಬರುತ್ತದೆ. “ಆಗಿಹೋದ ಕಾಲ, ಬಿಡ್ರಿ” ಎನ್ನುವವರಿದ್ದಾರೆ. ನಾನು ಬಿಡಲಾರೆ.

ಇದನ್ನೆಲ್ಲ ಕೇಳಿದ ಮೇಲೆ ಸೊಸೆ ನನ್ನನ್ನು ಮಕ್ತಲ್ಲಿಗೆ ಕರೆದುಕೊಂಡು ಹೋದಳು. ಖಬರಸ್ತಾನದ ಕಾವಲುಗಾರ ಎಳೆಯ ಮನುಷ್ಯ, ಒಳ್ಳೆಯವನು. ಚಾಚಾನ ಪೂರ್ತಿ ಹೆಸರು ಹೇಳಿದೆ. ಕಲ್ಲಿಲ್ಲದ ಗೋರಿಗಳ ಒಂದು ಇಡೀ ಮೂಲೆಯ ಕಡೆ ಕೈ ತೋರಿಸಿ, “ಇಲ್ಲೇ ಎಲ್ಲೋ ಇರಬೇಕ್ರಿ ಅಮ್ಮ,” ಎಂದ.