ಕೂಡಿಸಿದ ಚಿತ್ರಕ್ಕೊಂದು ನಿಯಮ

"ಉಸಿರು ಬಿಗಿ ಹಿಡೀರಿ, ಅಲ್ಲಾಡಬೇಡಿ, ಹಾಂ, ಈಗ ಬಿಡಿ." ದಿನವಿಡೀ ಇದೊಂದೇ ಮಾತು ಹೇಳುವ ಹೆಂಗಸನ್ನು ಊರೆಲ್ಲ ಎಕ್ಸ್‌ರೇ ಅಕ್ಕ ಎಂದು ಕರೆದರೆ ಅದರಲ್ಲಿ ಆಶ್ಚರ್ಯವೇನು ಬಂತು? ಬಸ್ ನಿಲ್ದಾಣದ ಹಿಂದಿನ ಸಣ್ಣ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳ ಕೋಣೆ. ಕಿಟಕಿ ಇಲ್ಲ, ಗಡಿಯಾರ ನಿಂತು ಯಾವ ಕಾಲವಾಯಿತೋ. ಪರದೆಯ ಮೇಲೆ ಜನರ ಎದೆಗೂಡುಗಳು ಮಂಜಿನೊಳಗಿಂದ ಎದ್ದು ಬರುವ ಹಾಗೆ ಮೆಲ್ಲಗೆ ಮೂಡುತ್ತವೆ, ಮೆಲ್ಲಗೆ ಅಳಿಸಿಹೋಗುತ್ತವೆ. ಅವರು ಉಸಿರು ಹಿಡಿದಿರುವ ಅಷ್ಟು ಹೊತ್ತು ಅವಳೂ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಆಗ ಎಡಗೆನ್ನೆಗೆ ಉಣ್ಣೆಯ ಶಾಲು ಸಣ್ಣಗೆ ಚುಚ್ಚಿದ ಹಾಗಾಗುತ್ತದೆ. ಅದು ಅವಳ ಅಮ್ಮನ ಶಾಲು.

ಅಮ್ಮನದು ಎಂದು ಅವಳ ಪಾಲಿಗೆ ಉಳಿದದ್ದು ಆ ಸ್ಪರ್ಶದ ನೆನಪೊಂದೇ. ಹಲ್ಲು ಮೂಡದ ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು. ಅಡುಗೆಮನೆಗೆ ಹೋಗುವ ಇಕ್ಕಟ್ಟು ದಾರಿಯ ಗೋಡೆಯಲ್ಲಿ ಒಂದು ಕಪ್ಪುಬಿಳುಪು ಫೋಟೊ: ಕುರ್ಚಿಯಲ್ಲಿ ಶಾಲು ಹೊದ್ದು ಕೂತ ಅಮ್ಮ, ತೋಳಿನಲ್ಲಿ ಕೂಸು, ಕೂಸಿನ ಕೆನ್ನೆಗೆ ತಾಗಿದ ಶಾಲಿನ ಅಂಚು. ಎಳೆಗೂಸಿಗೆ ಎಂಥ ನೆನಪು ಎಂದು ಯಾರಾದರೂ ಮೂಗು ಮುರಿದರೆ ಸಾಕು, ಅವಳು ಜಗಳಕ್ಕೇ ನಿಲ್ಲುತ್ತಿದ್ದಳು. "ನಂಗೆ ನೆನಪಿದೆ ಅಂದ್ರೆ ಇದೆ. ನಿಮಗೇನು ಕಷ್ಟ?"

ಇಂಥ ಖಡಾಖಂಡಿತದವಳನ್ನು ಊರಿನ ಫೋಟೊ ಕ್ಲಬ್ಬಿನವರು ಹುಡುಕಿಕೊಂಡು ಬಂದು ಕಾರ್ಯದರ್ಶಿ ಮಾಡಿದ್ದಕ್ಕೆ ಕಾರಣ ಚಂದ್ರ. ಹೌದು, ಆಕಾಶದ ಚಂದ್ರನೇ. ಹಿಂದಿನ ವರ್ಷದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಹೊಡೆದ ಚಿತ್ರದಲ್ಲಿ ಕೆರೆಯ ಮೇಲೆ ಕುಂಬಳಕಾಯಿ ಗಾತ್ರದ ಚಂದ್ರ ಇದ್ದ. ಅವನು ಆಕಾಶದಲ್ಲಿ ಎಡಕ್ಕಿದ್ದ, ನೀರಿನಲ್ಲಿ ಬಲಕ್ಕಿದ್ದ! ಎರಡನೇ ಬಹುಮಾನದವನ ಹೆಂಡತಿ ಅದನ್ನು ಕಂಡುಹಿಡಿದಳು. ಆಮೇಲೆ ಕೇಳಬೇಕೆ? ಮಾತಿಗೆ ಮಾತು ಬೆಳೆದು, ಕೊರಳಪಟ್ಟಿ ಹಿಡಿಯುವ ತನಕ ಹೋಗಿ, ಸ್ಪರ್ಧೆಯೇ ಮಣ್ಣುಪಾಲಾಗುವುದರಲ್ಲಿತ್ತು. ಈ ಸಲ ನಿಯಮಗಳನ್ನು ಮೊದಲೇ ಗಟ್ಟಿ ಮಾಡಿಕೊಳ್ಳೋಣ ಎಂದು ತೀರ್ಮಾನವಾಯಿತು.

ಕ್ಲಬ್ಬಿನ ಅಧ್ಯಕ್ಷರು ಹಲ್ಲಿನ ಡಾಕ್ಟರು. ರೋಗಿಗಳು ಕಾಯುವ ಕೋಣೆಯಲ್ಲೇ ಸಭೆ. ಮೊಬೈಲಿನವರನ್ನೂ ಮೊಳದುದ್ದ ಲೆನ್ಸಿನವರನ್ನೂ ಒಂದೇ ಸಾಲಿನಲ್ಲಿ ಓಡಿಸುವುದು ಅನ್ಯಾಯ ಎಂದು ಎಕ್ಸ್‌ರೇ ಅಕ್ಕ ಹೇಳಿದಳು. ಎರಡು ವಿಭಾಗವಾಯಿತು. ಕ್ಯಾಮೆರಾನೇ ಇಲ್ಲದವರು ಏನು ಪಾಪ ಮಾಡಿದ್ದಾರೆ ಎಂದಳು. 'ಮನೆಯ ಹಳೆಯ ಚಿತ್ರ' ಎಂಬ ವಿಭಾಗವಾಯಿತು. ತೆಗೆದವರು ಯಾರಾದರೂ ಆಗಲಿ, ಮನೆಯವರು ತಂದು ತೂಗುಹಾಕಬಹುದು. ತಿದ್ದುವುದರ ಮಾತು ಬಂದಾಗ ಮಾತ್ರ ಗದ್ದಲ. ಬೆಳಕು ಹೆಚ್ಚುಕಡಿಮೆ ಮಾಡಬಹುದೇ? ಮಾಡಬಹುದು. ಅಡ್ಡ ಬಂದ ಕರೆಂಟಿನ ತಂತಿ ಅಳಿಸಬಹುದೇ? ಕೂಡದು. ಮೊಡವೆ?

"ಮೊಡವೆ ಏನಾದ್ರೂ ಮಾಡ್ಕೊಳ್ಳಿ," ಎಂದರು ಡಾಕ್ಟರು, "ಹಲ್ಲು ಬಿಳಿ ಮಾಡೋದು ಮಾತ್ರ ಬೇಡ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

ಎಲ್ಲರೂ ನಕ್ಕರು. ಎಕ್ಸ್‌ರೇ ಅಕ್ಕ ನಗಲಿಲ್ಲ. "ನಮ್ಮಲ್ಲಿ ಎಲುಬಿಗೆ ಮೇಕಪ್ ಮಾಡೋಕಾಗಲ್ಲ ಸಾರ್. ಇದ್ದದ್ದು ಇದ್ದ ಹಾಗೆ. ಯಾವ ವಿಭಾಗವೇ ಇರ್ಲಿ, ಒಂದು ಚಿತ್ರಕ್ಕೆ ಇನ್ನೊಂದನ್ನ ಅಂಟಿಸಿದ್ರೆ ಅದು ಹೊರಗೆ. ಅಂಟಿಸೋದು ಅಂದ್ರೆ ಕಣ್ಣಿಗೆ ಮಣ್ಣೆರಚೋದು." ಪಟ್ಟು ಹಿಡಿದು ಆ ಮಾತನ್ನು ಬರೆಸಿಯೇ ಎದ್ದಳು.

ಅಪ್ಪ ಬಡಗಿ. ವಯಸ್ಸಾಗಿ ಅಂಗಡಿ ಬಿಟ್ಟಿದ್ದರೂ ಕೈ ಸುಮ್ಮನಿರದು. ಸ್ಪರ್ಧೆಯ ಚಿತ್ರಗಳಿಗೆ ಚೌಕಟ್ಟು ಮಾಡಿಕೊಡುವ ಕೆಲಸ ತಾನೇ ವಹಿಸಿಕೊಂಡು, ಹಿತ್ತಲ ಕೋಣೆಯ ತುಂಬ ಮರದ ಹೊಟ್ಟು ಹರಡಿಕೊಂಡಿದ್ದ. ಹಳೆಯ ಚಿತ್ರಗಳ ವಿಭಾಗ ಇದೆ ಎಂದು ಕೇಳಿದ ದಿನದಿಂದ ಅವನ ಮುಖವೇ ಬೇರೆಯಾಗಿತ್ತು. ಜನ್ಮದಲ್ಲಿ ಮಗಳ ಹತ್ತಿರ ಏನೂ ಕೇಳದ ಮನುಷ್ಯ, ಗೋಡೆಯ ಫೋಟೊ ಇಳಿಸಿ ಗಾಜು ಬಿಚ್ಚುತ್ತ, "ಅಮ್ಮಂದೂ ಒಂದು ಇಡ್ತೀಯಾ? ನಾಲ್ಕು ಜನ ನೋಡ್ಲಿ ಅಂತ ಆಸೆ," ಎಂದ.

ಅವಳಿಗೆ ಹಿಗ್ಗೋ ಹಿಗ್ಗು. ಚಹಾ ಲೋಟ ಹಿಡಿದುಕೊಂಡೇ ನಿಯಮಗಳನ್ನೆಲ್ಲ ಓದಿ ಹೇಳಿದಳು. ಅಂಟಿಸುವ ಮಾತು ಬಂದಾಗ ಅಪ್ಪನ ಕೈಯಲ್ಲಿದ್ದ ಉಳಿ ನಿಂತಿತು.

"ಹಾಗಾದ್ರೆ ಬೇಡ ಬಿಡು ಮಗಳೇ. ಗಾಜು ಬೇರೆ ಸರಿಯಿಲ್ಲ."

"ಗಾಜಿಗೂ ಇದಕ್ಕೂ ಏನಪ್ಪ ಸಂಬಂಧ?"

ಕಿಟಕಿಯ ಬಿಸಿಲಿನಲ್ಲಿ, ಕೆಲಸದ ಹಲಗೆಯ ಮೇಲೆ, ಫೋಟೊ ಬರಿಮೈಯಲ್ಲಿ ಮಲಗಿತ್ತು. ಅಷ್ಟು ಬೆಳಕಿನಲ್ಲಿ ಅವಳು ಅದನ್ನು ಎಂದೂ ನೋಡಿರಲಿಲ್ಲ. ಅಮ್ಮನ ಮೂಗಿನ ನೆರಳು ಬಲಗೆನ್ನೆಗೆ ಬಿದ್ದಿತ್ತು. ಕೂಸಿನ ಮೂಗಿನ ನೆರಳು ಎಡಗೆನ್ನೆಗೆ ಬಿದ್ದಿತ್ತು. ಶಾಲಿನ ಅಂಚಿನ ಉದ್ದಕ್ಕೂ ಕೂದಲೆಳೆಯಂಥ ಒಂದು ಗೆರೆ.

"ಅಪ್ಪಾ, ಏನಿದು?"

ಅಪ್ಪ ತಲೆ ಎತ್ತಲಿಲ್ಲ. "ನಿಮ್ಮಮ್ಮ ಇದ್ದದ್ದು ಎದೆ ಕಾಯಿಲೆ ಆಸ್ಪತ್ರೇಲಿ. ಮಕ್ಕಳನ್ನ ಒಳಗೆ ಬಿಡ್ತಿರ್ಲಿಲ್ಲ. ನೀನು ಹುಟ್ಟಿದ ಕೂಡ್ಲೇ ಬೇರೆ ಮಾಡಿದ್ರು. ಅವಳದ್ದು ಅಲ್ಲಿ ತೆಗೆಸಿದ್ದು, ನಿಂದು ಸ್ಟುಡಿಯೋದಲ್ಲಿ. ಫೋಟೊದವನು ಎರಡನ್ನೂ ಕೂಡಿಸಿಕೊಟ್ಟ."

"ಅಂದ್ರೆ ಅಮ್ಮ ನನ್ನ ಒಂದು ಸಲಾನೂ ಎತ್ಕೊಂಡಿಲ್ವಾ?"

"ಇಲ್ಲ ಮಗಳೇ."

ಅವಳು ಆಡಬಾರದ ಮಾತು ಆಡಿಬಿಟ್ಟಳು. "ಚಂದ್ರನ್ನ ಅಂಟಿಸಿದವನಿಗೂ ನಿನಗೂ ಏನಪ್ಪ ವ್ಯತ್ಯಾಸ?"

ಅಪ್ಪ ಮರದ ಹೊಟ್ಟನ್ನು ಅಂಗೈಯಿಂದ ಒತ್ತಟ್ಟಿಗೆ ಸರಿಸುತ್ತ ಕೂತ.

ಮಾರನೆಯ ದಿನ ನೆಲಮಾಳಿಗೆಯಲ್ಲಿ ಉಸಿರು ಹಿಡಿಯಿರಿ ಎಂದು ಕಣ್ಣು ಮುಚ್ಚಿದರೆ ಕೆನ್ನೆಗೆ ಏನೂ ತಾಗಲಿಲ್ಲ. ಮತ್ತೆ ಮುಚ್ಚಿದಳು. ಬರಿ ಕತ್ತಲೆ, ಯಂತ್ರದ ಗುಂಯ್ ಸದ್ದು. ಪಾಪ, ಕೆಮ್ಮಿನ ಮುದುಕರೊಬ್ಬರು ಉಸಿರು ಬಿಡಲು ಅಪ್ಪಣೆ ಸಿಗದೆ ಕೆಂಪಗಾಗಿಬಿಟ್ಟಿದ್ದರು. ಪರದೆಯ ಮೇಲೆ ಅವರ ಶ್ವಾಸಕೋಶ ಎರಡು ಮೋಡಗಳ ಹಾಗೆ ತೇಲುತ್ತಿತ್ತು. ಅದರೊಳಗೆ ಎಲ್ಲೋ ಅಮ್ಮ ಇದ್ದಾಳೆ ಅನ್ನಿಸಿತು, ಹುಚ್ಚುಹುಚ್ಚಾಗಿ. ಅವಳು ಗೋಡೆಗೆ ಮುಖ ತಿರುಗಿಸಿ ಅತ್ತಳು. ಇದ್ದ ಒಂದು ಶಾಲನ್ನೂ ತನ್ನದೇ ನಿಯಮ ಕಿತ್ತುಕೊಂಡಿತಲ್ಲ!

ಮನೆಯಲ್ಲಿ ಅಪ್ಪ ಮಗಳ ನಡುವೆ ಮಾತು ನಿಂತುಹೋಯಿತು. ಊಟಕ್ಕೆ ಬಡಿಸುವುದು, ತಟ್ಟೆ ಎತ್ತುವುದು, ಅಷ್ಟೇ. ಕೊನೆಗೆ ಒಂದು ರಜೆಯ ಬೆಳಿಗ್ಗೆ ಅಪ್ಪ ದಪ್ಪನೆಯ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಅವಳೆದುರು ಬಂದು ನಿಂತ.

"ಹಿಡ್ಕೋ."

"ಏನದು?"

"ಹಿಡ್ಕೋ ಅಂದ್ರೆ ಹಿಡ್ಕೋ. ಹಾಗಲ್ಲ, ತೋಳಲ್ಲಿ."

ಹಿಡಿದಳು. ತೋಳು ಸ್ವಲ್ಪ ಕೆಳಗೆ ಜಗ್ಗಿತು. ಒಳಗಿದ್ದದ್ದು ಅವಳು ಚಿಕ್ಕಂದಿನಿಂದ ಕಂಡ ದೊಡ್ಡ ಕೊಡತಿ, ಉಳಿಯ ತಲೆಗೆ ಬಡಿಯುವ ಮರದ ಸುತ್ತಿಗೆ.

"ಫೋಟೊದವನು ಅಮ್ಮನ ಕೈಗೆ ನಿನ್ನ ಬದಲು ಮಡಚಿದ ಕಂಬಳಿ ಕೊಟ್ಟ," ಎಂದ ಅಪ್ಪ. "ಅವಳು ಒಪ್ಪಲಿಲ್ಲ. ಇಷ್ಟು ಹಗುರಾನಾ ನನ್ನ ಮಗಳು, ಸುಳ್ಳು ಹೇಳಬೇಡಿ ಅಂತ ನನ್ನ ಮೇಲೇ ರೇಗಿದ್ಲು. ಆವತ್ತು ಬೆಳಿಗ್ಗೆ ನಿನ್ನ ಎತ್ಕೊಂಡಿದ್ದೆನಲ್ಲ, ನಿನ್ನ ಭಾರ ಕೈಯಲ್ಲೇ ಇತ್ತು. ಕೆಲಸದ ಚೀಲದಲ್ಲಿ ಈ ಕೊಡತಿ ಇತ್ತು. ಕಂಬಳಿ ಒಳಗೆ ಸುತ್ತಿಕೊಟ್ಟೆ. ಎತ್ತಿ ನೋಡಿದ್ಲು. ಹಾಂ, ಈಗ ಸರಿಯಾಯ್ತು, ಇವಳೇ ಅಂದ್ಲು."

ಅಪ್ಪ ಟವೆಲಿನ ಅಂಚು ಸರಿಮಾಡಿದ.

"ಫೋಟೊ ತೆಗೆದಾಯ್ತು. ಕೆಲಸಕ್ಕೆ ಹೊತ್ತಾಗಿತ್ತು, ಕೊಡತಿ ಕೇಳಿದೆ. ಅವಳು ಕೊಡಲಿಲ್ಲ ಕಣೇ. ಮೆಲ್ಲಗೆ ಮಾತಾಡಿ, ಈಗ ತಾನೇ ನಿದ್ದೆ ಹೋಗಿದ್ದಾಳೆ, ಸಂಜೆ ಬಂದು ತಗೊಂಡು ಹೋಗಿ ಅಂದ್ಲು."

ಎಕ್ಸ್‌ರೇ ಅಕ್ಕ ನಿಂತಲ್ಲೇ ಕೂತಳು. ಗಂಟನ್ನು ಕೆಳಗಿಡಲಿಲ್ಲ. ಕಿಟಕಿಯ ಬಿಸಿಲು ನೆಲದ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿತು. ಅಪ್ಪ ಒಲೆಯ ಮೇಲೆ ಚಹಾಕ್ಕಿಟ್ಟು ಮರೆತ. ಅವಳ ತೋಳು ನಿಧಾನವಾಗಿ, ತಾನಾಗಿ ತೂಗತೊಡಗಿತು.

ಮುಂದಿನ ಸಭೆಯಲ್ಲಿ ಅವಳು ಎದ್ದು ನಿಂತು, ಒಂದು ವಿಭಾಗ ಸೇರಿಸಬೇಕು ಎಂದಳು: ಕೂಡಿಸಿದ ಚಿತ್ರಗಳು. ಏನನ್ನು ಎಲ್ಲಿಂದ ತಂದು ಕೂಡಿಸಿದ್ದು ಎಂದು ಕೆಳಗೆ ಬರೆದು ಹಾಕಬೇಕು. ಬರೆಯದೆ ಮುಚ್ಚಿಟ್ಟರೆ ಹೊರಗೆ. ಉಳಿದ ಕಡೆ ಹಳೆಯ ನಿಯಮವೇ.

ಹಲ್ಲಿನ ಡಾಕ್ಟರು ಕಣ್ಣರಳಿಸಿದರು. "ಏನ್ರೀ ಅಕ್ಕ, ಕಣ್ಣಿಗೆ ಮಣ್ಣೆರಚೋದು ಅಂದಿದ್ದವರು ನೀವೇ ತಾನೇ? ನಿಮ್ಮ ಮನೆಯ ಚಿತ್ರ ಏನಾದ್ರೂ ಇದೆಯಾ?"

"ಇದೆ ಸಾರ್, ಅಪ್ಪ ಮಾಡಿಸಿದ್ದು. ಅದಕ್ಕೇ ಅದನ್ನ ಸ್ಪರ್ಧೆಗೆ ಇಡಲ್ಲ, ಗೋಡೆಗೆ ಮಾತ್ರ. ಹೇಳದೆ ಅಂಟಿಸೋದು ಮೋಸ. ಹೇಳಿ ಅಂಟಿಸೋದು ಬೇರೆ. ಆ ವ್ಯತ್ಯಾಸ ನಂಗೆ ಗೊತ್ತಿರ್ಲಿಲ್ಲ." ಒಪ್ಪಿಗೆ ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದವನು ಚಂದ್ರನನ್ನು ಅಂಟಿಸಿದವನೇ, ಆಸಾಮಿ.

ಪ್ರದರ್ಶನದ ಹಿಂದಿನ ಸಂಜೆ ಹೊಸ ಚೌಕಟ್ಟಿನಲ್ಲಿ ಅಮ್ಮ ಸಿದ್ಧಳಾದಳು. ಕೆಳಗೆ ಅಂಟಿಸುವ ಚೀಟಿ ಹಿಡಿದು ಮಗಳು ಕೇಳಿದಳು, "ಏನು ಬರೀಲಪ್ಪ?"

ಅಪ್ಪ ಚೌಕಟ್ಟಿನ ಅಂಚು ಒರೆಸುತ್ತ ಹೇಳಿದ. ಅವಳು ಒಂದಕ್ಷರವನ್ನೂ ತಿದ್ದದೆ ಬರೆದಳು: 'ಮಗಳನ್ನು ಆಮೇಲೆ ಕೂಡಿಸಿದ್ದು. ತೂಕ ಮಾತ್ರ ಅವಳದೇ.'