ಒಗೆಯಬಾರದ ಬಟ್ಟೆ

ಲಿಯೊಕಾದಿಯ ಕೈಯಿಂದ ಬಂದ ಬಟ್ಟೆಗೆ ಬೇರೆ ಗುರುತು ಬೇಕಿರಲಿಲ್ಲ. ಕಾಲುವೆ ದಂಡೆಯ ಹಗ್ಗದ ಮೇಲೆ ಇಡೀ ಬೀದಿಯ ಬಟ್ಟೆ ಒಣಗುತ್ತಿದ್ದರೂ ಕಣ್ಣು ಕುಕ್ಕುವಷ್ಟು ಬಿಳುಪಾಗಿರುತ್ತಿದ್ದುದು ಅವಳದೇ. ಬೂದಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ, ಮರದ ಕೊಡತಿಯಿಂದ ಬಡಿದು, ಕಡೆಗೆ ಒಣಗಿದ ಲ್ಯಾವೆಂಡರ್ ಹೂ ಹಾಕಿದ ನೀರಿನಲ್ಲಿ ಅವಳು ಜಾಲಾಡಿದರೆ ಗೋಣಿಚೀಲವೂ ಮದುವೆಯಂಗಿಯಾಗುತ್ತದೆ ಎಂದು ಊರ ಗಂಡಸರು ತಮಾಷೆ ಮಾಡುತ್ತಿದ್ದರು. ಹಾಗೆ ತಮಾಷೆ ಮಾಡಿದವರಲ್ಲಿ ಕೊಡತಿ ಹಿಡಿದವರು ಒಬ್ಬರೂ ಇರಲಿಲ್ಲ.

ಯುದ್ಧ ಶುರುವಾಗಿ ಎರಡನೆಯ ವಸಂತ. ಗಂಡ ಗುಸ್ತಾವ್ ದೂರದ ಬಂದರಿನಲ್ಲಿ ಸೈನ್ಯದ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ. ಹಸು, ಕೋಳಿ, ಆಲೂಗಡ್ಡೆ ಹೊಲ, ಮಾವ ಓಮೇರ್ ಎಲ್ಲ ಇವಳ ಪಾಲಿಗೆ ಉಳಿದಿದ್ದವು. ಇವುಗಳಲ್ಲಿ ಹೆಚ್ಚು ಕೆಲಸ ಕೊಡುತ್ತಿದ್ದವನು ಮಾವನೇ. ಹಸುವಾದರೂ ದಿನಕ್ಕೆ ಎರಡೇ ಸಲ ಕೂಗುತ್ತಿತ್ತು.

ಊರಾಚೆಯ ಇಟ್ಟಿಗೆ ಗೂಡಿನ ಪಕ್ಕ ಇಂಗ್ಲಿಷ್ ಸೈನ್ಯದವರು ಒಂದು ಶಾಲೆ ತೆರೆದಿದ್ದರು. ವಿಷಗಾಳಿ ಬಂದರೆ ಉಸಿರಾಡುವುದು ಹೇಗೆ ಎಂಬುದೊಂದೇ ಅಲ್ಲಿನ ಪಾಠ. ಗಂಟೆ ಬಡಿದ ಕೂಡಲೇ ಸೈನಿಕರು ಹೆಗಲ ಚೀಲದಿಂದ ಬೂದು ಬಣ್ಣದ ಬಟ್ಟೆಯ ಮುಸುಕನ್ನು ಎಳೆದು ತಲೆಯ ಮೇಲಿಂದ ಹಾಕಿಕೊಳ್ಳಬೇಕು, ಅಂಚನ್ನು ಕಾಲರಿನೊಳಗೆ ತುರುಕಿ ಗುಂಡಿ ಹಾಕಬೇಕು. ಕಣ್ಣಿಗೆ ಎರಡು ಗಾಜು, ಬಾಯಿಗೊಂದು ಕೊಳವೆ. ಮೂಗಿನಿಂದ ಉಸಿರು ಎಳೆದುಕೊಂಡು ಬಾಯಿಂದ ಕೊಳವೆಗೆ ಊದಬೇಕು. ಹಾಕಿಕೊಂಡೇ ಓಡಬೇಕು, ಮಣ್ಣು ಅಗೆಯಬೇಕು, ಬಂದೂಕಿಗೆ ಗುಂಡು ತುಂಬಬೇಕು. ಕೊನೆಗೊಂದು ಪರೀಕ್ಷೆ: ಮೇಲೆ ಹಲಗೆ ಮುಚ್ಚಿ ನಿಜವಾದ ವಿಷಗಾಳಿ ತುಂಬಿದ ಕಂದಕವನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು.

ಸಂಜೆ ಇದೇ ಸೈನಿಕರು ಲಿಯೊಕಾದಿಯ ಅಡುಗೆಮನೆಯಲ್ಲಿ ಮೊಟ್ಟೆ, ಕರಿದ ಆಲೂಗಡ್ಡೆ ತಿಂದು, ಹೋಗುವಾಗ ಕೊಳೆಬಟ್ಟೆಯ ಗಂಟನ್ನು ಬಾಗಿಲ ಬಳಿ ಎಸೆದು ಹೋಗುತ್ತಿದ್ದರು. ಜೇಬಿನಲ್ಲಿ ಏನಿದೆ ಎಂದು ನೋಡುವುದೂ ಅವಳದೇ ಕೆಲಸ.

ಅಂದು ಬೆಳಿಗ್ಗೆ ಅಟ್ಟದ ಮೇಲಿನ ಬಿಡಾರದಿಂದ ಕಾರ್ಪೊರಲ್ ಟಲ್ಲಿ ಕುಂಟುತ್ತ ಇಳಿದು ಬಂದ. ಅವನ ಹಿಮ್ಮಡಿಯಲ್ಲಿ ಕುರುವೆದ್ದಿತ್ತು. ಮೂರು ಮಕ್ಕಳ ತಂದೆ, ಇವಳ ಭಾಷೆಯನ್ನು ಅಷ್ಟಿಷ್ಟು ಕಲಿತವನು. ಅವನಿಗೆ ಕಾಫಿ ಬಗ್ಗಿಸುತ್ತ ಲಿಯೊಕಾದಿ ಶುರುಮಾಡಿದಳು.

"ನಿಮ್ಮ ಹೊಸ ಹುಡುಗ ಹೆಡ್ಲಿ ಇದಾನಲ್ಲ, ಅವನಷ್ಟು ಕೊಳಕನ್ನ ನಾನು ಕಂಡಿಲ್ಲಪ್ಪ. ಅವನ ಬಟ್ಟೆಗಂಟಿನಲ್ಲಿ ಒಂದು ಚೀಲ ಸಿಕ್ತು, ಗಾಜಿನ ಕಣ್ಣಿರೋದು. ನಾತ ಅಂದ್ರೆ! ನಮ್ಮ ಹಸುನೂ ಮುಖ ತಿರುಗಿಸ್ತು."

"ಕಣ್ಣಿರೋ ಚೀಲಾನಾ?"

"ಹೂಂ, ಕೈಗೆಲ್ಲ ಅಂಟಂಟು. ಎಷ್ಟು ಉಜ್ಜಿದ್ರೂ ಬಿಡವಲ್ದು. ನಾನು ಬಿಡ್ತೀನಾ? ಈಗ ಕೂಸಿನ ತಲೆಗೆ ಹಾಕ್ಬಹುದು, ಹಾಗಿದೆ. ಇಸ್ತ್ರಿ ಹೊಡೆದು ಅವನ ಹೆಗಲ ಚೀಲಕ್ಕೇ ಹಾಕಿ ಕೊಟ್ಟೆ. ಬೆಳಿಗ್ಗೆನೇ ಬಂದು ತಗೊಂಡ್ ಹೋದ."

ಟಲ್ಲಿಯ ಕೈಯಲ್ಲಿದ್ದ ಬಟ್ಟಲು ನೆಲಕ್ಕೆ ಬಿತ್ತು.

"ಮದಾಮ್! ಆ ಅಂಟೇ ಔಷಧಿ! ವಿಷ ತಡೆಯೋದು ಬಟ್ಟೆ ಅಲ್ಲ, ಬಟ್ಟೆಗೆ ಹಿಡಿಸಿರೋ ಆ ಔಷಧಿ. ಅದನ್ನ ತೊಳೆದ್ರೆ ಅದು ಬರೀ ಚೀಲ! ಇವತ್ತು ಅವನು ಕಂದಕ ದಾಟ್ತಾನೆ!"

ಕುಂಟುಗಾಲಿನವನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಲಿಯೊಕಾದಿ ಸೊಂಟಕ್ಕೆ ಕಟ್ಟಿದ್ದ ಏಪ್ರನ್ ಕಿತ್ತೆಸೆದು ಓಡಿದಳು.

"ಏ ಸೊಸೇ, ಸೂಪು?" ಎಂದು ಓಮೇರ್ ಕುರ್ಚಿಯಿಂದಲೇ ಕೂಗಿದ.

"ಸೌಟು ಅಲ್ಲೇ ಇದೆ ಮಾವ! ಅದು ಕಚ್ಚಲ್ಲ!"

ಅವಳ ಕಾಲಿನ ಮರದ ಮೆಟ್ಟುಗಳು ಕಲ್ಲುಬೀದಿಯಲ್ಲಿ ಟಕಟಕ ಬಡಿದವು. ಕೆಸರು ಬಂದಾಗ ಅವನ್ನು ಕೈಗೆತ್ತಿಕೊಂಡು ಬರಿಗಾಲಲ್ಲಿ ಓಡಿದಳು. ಇಟ್ಟಿಗೆ ಗೂಡಿನ ಬಳಿ ಬಂದು ನೋಡಿದರೆ ಎಲ್ಲರೂ ಆಗಲೇ ಮುಸುಕು ಹಾಕಿ ಸಾಲಾಗಿ ನಿಂತಿದ್ದರು. ಒಂದೇ ಅಚ್ಚಿನ ಗಾಜುಗಣ್ಣಿನ ಬೆರ್ಚಪ್ಪಗಳು! ಮೊದಲನೆಯವನು ಕಂದಕದ ಮೆಟ್ಟಿಲ ಮೇಲೆ ಕಾಲಿಟ್ಟಾಗಿತ್ತು.

"ಹೆಡ್ಲಿ! ನಿಲ್ಲೋ, ಹೆಡ್ಲಿ!"

ಕೊಳವೆ ಕಚ್ಚಿದ ಬಾಯಿಗಳು ಉತ್ತರ ಕೊಡಲಾರವು. ಗಾಜುಗಣ್ಣುಗಳೆಲ್ಲ ಅವಳತ್ತ ತಿರುಗಿದವು, ಅಷ್ಟೇ. ಸಾರ್ಜೆಂಟ್ ಕೆಂಪು ಮುಖದಲ್ಲಿ ಓಡಿಬಂದ.

"ಯಾರಮ್ಮ ನೀನು? ಇದು ಸೈನ್ಯದ ಜಾಗ!"

ಅವನು ಅಂದದ್ದು ಅವಳಿಗೆ ಅರ್ಥವಾಗಲಿಲ್ಲ, ಅವಳು ಅಂದದ್ದು ಅವನಿಗಾಗಲಿಲ್ಲ. "ನಿನ್ನ ಸೈನ್ಯದ ಚಡ್ಡಿ ಒಗೆಯೋಳು ಕಣಯ್ಯ! ಸರಿ ಆಚೆ!"

ಅವನನ್ನು ದೂಡಿ, ಸಾಲಿನಲ್ಲಿ ನಿಂತವರ ತಲೆಗೆ ಮೂಗು ಹಚ್ಚಿ ಮೂಸುತ್ತ ನಡೆದಳು. ನಾತ. ನಾತ. ಇನ್ನೊಬ್ಬನದೂ ನಾತ. ಮೊಲದ ಬಿಲ ಹುಡುಕುವ ನಾಯಿಯಂತೆ ಅವಳು ಓಡೋಡಿ ಮೂಸುತ್ತಿದ್ದರೆ, ಮುಸುಕುಗಳೊಳಗೆ ನಗು ತಡೆಯಲಾಗದೆ ಕೊಳವೆಗಳು ಪುರ್ ಪುರ್ ಎಂದವು. ಅಷ್ಟರಲ್ಲಿ ಮೆಟ್ಟಿಲಿಂದ ತಣ್ಣಗೆ ಲ್ಯಾವೆಂಡರ್ ಪರಿಮಳ ತೇಲಿ ಬಂತು.

ಒಂದೇ ನೆಗೆತಕ್ಕೆ ಆ ತಲೆಯ ಕಾಲರು ಹಿಡಿದು ಹಿಂದಕ್ಕೆಳೆದಳು. ಇಬ್ಬರೂ ಮಣ್ಣಿನಲ್ಲಿ ಉರುಳಿದರು. ಮುಸುಕು ಕಿತ್ತು ನೋಡಿದರೆ ಹೆಡ್ಲಿಯ ಕಕ್ಕಾಬಿಕ್ಕಿ ಮುಖ.

ಏದುಸಿರು ಬಿಡುತ್ತ ಬಂದ ಟಲ್ಲಿ ನಡೆದದ್ದನ್ನು ಹೇಳಿದ. ಸಾರ್ಜೆಂಟ್ ಮುಸುಕನ್ನು ಮೂಗಿಗೆ ಹಿಡಿದ. ಕೆಂಪಗಿದ್ದ ಮುಖ ಸುಣ್ಣವಾಯಿತು.

"ಬೆಳಿಗ್ಗೆ ನಾನೇ ನೋಡಿದ್ದೆ. ಗಾಜು ಸರಿ, ಕೊಳವೆ ಸರಿ, ಹರಿದಿಲ್ಲ... ಇಟ್ಕೊಂಡ್ರೆ ಹೀಗೆ ಇಟ್ಕೋಬೇಕು ಅಂತ ಎಲ್ಲರಿಗೂ ಎತ್ತಿ ತೋರಿಸಿದ್ದೆ!"

"ನಂಗೂ ಖುಷಿಯಾಗಿತ್ತು ಸಾರ್," ಎಂದ ಹೆಡ್ಲಿ. "ಇವತ್ತೇ ಮೊದಲು ಕಣ್ಣುರಿ ಇಲ್ಲ, ಗಂಟಲುರಿ ಇಲ್ಲ. ಅಂತೂ ಅಭ್ಯಾಸ ಆಯ್ತು ಅಂದ್ಕೊಂಡೆ. ಅದಕ್ಕೇ ನಾನೇ ಮೊದಲು ಹೋಗ್ತೀನಿ ಅಂದೆ."

ಅವನಿಗೆ ಬೇರೆ ಮುಸುಕು ಕೊಟ್ಟರು. ಲಿಯೊಕಾದಿ ಮನೆಗೆ ಹೋಗಲಿಲ್ಲ. ಕಂದಕದ ಆಚೆ ತುದಿಗೆ ಹೋಗಿ ಮೆಟ್ಟು ಕೈಯಲ್ಲಿ ಹಿಡಿದು ನಿಂತಳು. ಹಲಗೆಯ ಸಂದಿನಿಂದ ಹಳದಿ ಹೊಗೆ ತುಸು ಇಣುಕಿದಾಗ ಅವಳೂ ಉಸಿರು ಹಿಡಿದಳು. ಮೆಟ್ಟಿಲಲ್ಲಿ ಮೊದಲು ಎರಡು ಗಾಜುಗಣ್ಣು, ಆಮೇಲೆ ಉದ್ದ ಕಾಲುಗಳು. ಹೆಡ್ಲಿ ದೂರ ನಡೆದು ಮುಸುಕು ತೆಗೆದು, ಮೂಗು ಸೀಟಿಕೊಂಡು ಹಲ್ಲು ಕಿರಿದ. ಅವಳು ಅವನ ಬೆನ್ನ ಮೇಲೆ ಮೆಟ್ಟಿನಿಂದಲೇ ಒಂದು ಕೊಟ್ಟಳು.

"ಇನ್ಮೇಲೆ ಬಟ್ಟೆ ವಿಂಗಡಿಸಿ ತರ್ಬೇಕು, ತಿಳೀತಾ? ಜೇಬು ನೋಡಿ ತರ್ಬೇಕು. ಎಲ್ಲಾರೂ!"

ಟಲ್ಲಿ ಅದನ್ನು ಅವರ ಭಾಷೆಗೆ ಇಳಿಸಿದ. ಸಾರ್ಜೆಂಟ್ ಅಟೆನ್ಷನ್ನಿನಲ್ಲಿ ನಿಂತೇ ಕೇಳಿಸಿಕೊಂಡ.

"ಈಗ ನಂಗೂ ಒಂದು ಹಾಕಿ," ಎಂದಳು. "ಒಗೀಬಾರ್ದು ಅಂದ್ರೆ ಅದೇನು ಅಂತ ನಾನೂ ನೋಡ್ಬೇಡ್ವಾ?"

ಸಾರ್ಜೆಂಟ್ ತಾನೇ ಮುಸುಕು ಹಾಕಿ, ಅಂಚನ್ನು ಅವಳ ರವಿಕೆಯ ಕತ್ತಿನೊಳಗೆ ತುರುಕಿಸಿ, ಊದುವುದನ್ನು ತೋರಿಸಿದ. ನಾತಕ್ಕೆ ಕಣ್ಣಲ್ಲಿ ನೀರು ಬಂತು. ಆಮೇಲೆ ಲಿಯೊಕಾದಿಗೆ ಒಂದು ವಿಚಿತ್ರ ಗಮನಕ್ಕೆ ಬಂತು. ದಪ್ಪ ಬಟ್ಟೆಯೊಳಗೆ ಲೋಕ ಮೆತ್ತಗಾಗಿತ್ತು. ತನ್ನ ಉಸಿರೊಂದೇ ಕೇಳುತ್ತಿತ್ತು, ಒಳಗೆ, ಹೊರಗೆ.

ಗಾಜಿನಾಚೆ ದಾರಿಯಲ್ಲಿ ಓಮೇರ್ ಸೌಟು ಹಿಡಿದು ಬರುತ್ತಿದ್ದ. ಬಾಯಿ ಆಡುತ್ತಿತ್ತು. ಸೂಪು ತಳ ಹತ್ತಿರಬೇಕು, ಉಪ್ಪಿನ ಡಬ್ಬಿ ಸಿಕ್ಕಿರಲಿಕ್ಕಿಲ್ಲ. ಏನೆಂದು ಅವಳಿಗೆ ಕೇಳಿಸಲಿಲ್ಲ. ಬಾಯಲ್ಲಿ ಕೊಳವೆ ಇದ್ದವಳಿಗೆ ಉತ್ತರ ಕೊಡು ಎನ್ನುವಂತೆಯೂ ಇರಲಿಲ್ಲ.

ಸಾಕು, ತೆಗಿ ಎಂದು ಸಾರ್ಜೆಂಟ್ ಕೈಸನ್ನೆ ಮಾಡಿದ.

ಲಿಯೊಕಾದಿ ಒಂದು ಬೆರಳೆತ್ತಿ ತಡಿ ಎಂದಳು. ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತು, ಕೊಳವೆ ಪುರ್‍ರ್ ಎನ್ನುವಂತೆ ಜೋರಾಗಿ ಊದಿದಳು.